ಪಲ್ಪ್ ಚೆಸ್ಟ್ ಒಳಗೆ ಇಳಿದ ಮೇಲೆ ಗ್ಯಾಸ್ ಅಲಾರಂ: ನನ್ನ ಅನುಭವ

ನಾನು ಮೈಸೂರು ಕಡೆ ರದ್ದಿ ಕಾಗದದ ಮಿಲ್ ಒಂದರಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ದಸರಾ ರಜೆ ಮುಗಿಸಿ ಚೆಸ್ಟ್ (ಪಲ್ಪ್, ಅಂದರೆ ನೀರಲ್ಲಿ ಕಲಸಿದ ಕಾಗದದ ಗಂಜಿ, ತುಂಬಿಡುವ ದೊಡ್ಡ ತೊಟ್ಟಿ) ಕ್ಲೀನ್ ಮಾಡಲು ಹೋದರೆ, ಬಾಗಿಲಲ್ಲಿ ಗ್ಯಾಸ್ ಮೀಟರ್ ಸೊನ್ನೆ ತೋರಿಸುತ್ತಿತ್ತು. ಒಳಗೆ ಇಳಿದು ಹತ್ತು ನಿಮಿಷಕ್ಕೆ ಹೈಡ್ರೋಜನ್ ಸಲ್ಫೈಡ್ (ಕೊಳೆತ ಮೊಟ್ಟೆ ವಾಸನೆಯ ವಿಷಾನಿಲ) ಅಲಾರಂ.

ಮೀಟರ್ ಬದಲಿಸಿದೆವು. ರಾತ್ರಿಯಿಡೀ ಬಾಗಿಲು ತೆರೆದಿಟ್ಟೆವು, ಮೇಲೆ ಫ್ಯಾನ್ ಹಾಕಿದೆವು. ಏನೂ ಪ್ರಯೋಜನ ಆಗಲಿಲ್ಲ. ವಾಸನೆ ಬಂದರೆ ಸಾಕಲ್ವಾ ಅನ್ನಬೇಡಿ, ಸುಮಾರು 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ) ಆದರೆ ಮೂಗೇ ಸತ್ತುಹೋಗುತ್ತದೆ.

ಗ್ಯಾಸ್ ಇದ್ದದ್ದು ತಳದಲ್ಲಿ ಕೊಳೆತ ಪಲ್ಪ್ ಒಳಗೆ. ಸಲಿಕೆ ಹಾಕಿ ಕೆದಕಿದಾಗ ಮಾತ್ರ ಹೊರಬರುತ್ತಿತ್ತು.

ಈಗ ಮೊದಲು ಪಂಪ್, ಅಜಿಟೇಟರ್ (ಪಲ್ಪ್ ಕಲಕುವ ಯಂತ್ರ), ವಾಲ್ವ್ ಎಲ್ಲಕ್ಕೂ ಯಾರೂ ಚಾಲೂ ಮಾಡದಂತೆ ಲಾಕ್ ಮತ್ತು ಟ್ಯಾಗ್. ಆಮೇಲೆ ಹೊರಗೇ ನಿಂತು ಜೆಟ್ ನೀರಿನಿಂದ ತಳದ ಪಲ್ಪ್ ಪೂರ್ತಿ ತೊಳೆದು ಡ್ರೈನ್ ಮಾಡುತ್ತೇವೆ, ಇದೇ ಮುಖ್ಯ. ಬ್ಲೋವರ್ ಪೈಪ್ ತಳದಿಂದ ಒಂದಡಿ ಎತ್ತರದವರೆಗೆ ಇಳಿಸುತ್ತೇವೆ, ಯಾಕೆಂದರೆ ಈ ಗ್ಯಾಸ್ ಗಾಳಿಗಿಂತ ಭಾರ. ಮೀಟರ್‌ಗೆ ಹೋಸ್ ಸಿಕ್ಕಿಸಿ ಮೇಲೆ, ನಡುವೆ, ತಳದಲ್ಲಿ ಅಳೆಯಬೇಕು. ಹೋಸ್ ಉದ್ದವಿದ್ದರೆ ಜಾಸ್ತಿ ಹೊತ್ತು ಕಾಯಬೇಕು. ಅಲಾರಂ ಸೆಟ್ಟಿಂಗ್: ಸಲ್ಫೈಡ್ 10 ಪಿಪಿಎಂಗೆ ಏರಿದರೆ, ಆಕ್ಸಿಜನ್ 19.5 ಶೇಕಡಾಕ್ಕಿಂತ ಇಳಿದರೆ. ಇಳಿದವರ ಎದೆ ಮೇಲೆ ಮೀಟರ್ ಆನ್ ಇರುತ್ತದೆ, ಬ್ಲೋವರ್ ನಿಲ್ಲಿಸುವುದಿಲ್ಲ, ಬಾಗಿಲಲ್ಲಿ ಒಬ್ಬ ಕಾವಲು. ಒಳಗಿನವನು ಬಿದ್ದರೂ ಕಾವಲಿನವನು ಇಳಿಯಬಾರದು, ಹಾರ್ನೆಸ್ ಹಗ್ಗದಲ್ಲಿ ಮೇಲೆಳೆಯಬೇಕು.