ರಿಪೇರಿ ಗಿಟ್ಟಲ್ಲ ಅಂದವರಿಗೆ: ನನ್ನ ಎಚ್‌ಟಿಎಂಎಲ್ ಅನುಭವ

"ಹೊಸದಾಗಿ ಬರೆದುಬಿಡು ಮಾರಾಯ, ರಿಪೇರಿ ಮಾಡ್ತಾ ಕೂತರೆ ಕೂಲಿ ಗಿಟ್ಟಲ್ಲ." ಮಂಗಳೂರಿನ ಗೆಳೆಯರು ಇದನ್ನು ಎಷ್ಟು ಸಲ ಹೇಳಿದರೋ. ಕಾಸರಗೋಡು ಕಡೆಯ ಬದಿಯಡ್ಕದ ನನ್ನ ಒಂದು ಕೋಣೆಯ ಅಂಗಡಿ ಈಗ ನಡೆಯುತ್ತಿರುವುದೇ ಎಚ್‌ಟಿಎಂಎಲ್, ಅಂದರೆ ವೆಬ್ ಪುಟ ಕಟ್ಟುವ ಕೋಡಿನ ರಿಪೇರಿಯಿಂದ. ಹೊಸ ಹುಡುಗರು ಬರೆದು ಕೈಬಿಟ್ಟ ಸೈಟುಗಳು, ಇದುವರೆಗೆ ನಲವತ್ತರ ಹತ್ತಿರ ಆಗಿರಬೇಕು.

ಮೊದಲನೆಯದರಲ್ಲಿ ಮಾತ್ರ ಸರಿಯಾಗಿ ಪೆಟ್ಟು ತಿಂದೆ. ಒಂದು ಅಡಿಕೆ ಸಸಿ ನರ್ಸರಿಯ ಪುಟ. ಮಂಗಳ, ಮೋಹಿತ್‌ನಗರ ತಳಿಯ ಸಸಿಗಳ ರೇಟಿನ ಟೇಬಲ್ ಕೋಡಿನಲ್ಲಿದೆ, ಪುಟದಲ್ಲಿಲ್ಲ. ಮಳೆ ಹಿಡಿಯುವ ಹೊತ್ತು, ಸಸಿ ಮಾರುವ ಸೀಸನ್ ಬೇರೆ. ಎರಡು ದಿನ ಸಿಎಸ್‌ಎಸ್ (ಪುಟದ ಬಣ್ಣ, ಅಳತೆ ಹೇಳುವ ಕೋಡು) ಜಾಲಾಡಿದೆ. ಸಿಕ್ಕಿದ್ದು ಎಲ್ಲಿ ಗೊತ್ತಾ? ಟೇಬಲ್‌ಗಿಂತ ಮೇಲಿನ ಫೋಟೋದಲ್ಲಿ. ಆಲ್ಟ್, ಅಂದರೆ ಫೋಟೋ ಬಾರದಿದ್ದರೆ ತೋರಿಸುವ ಬರಹ, ಅದರ ಕೋಟ್ ಚಿಹ್ನೆ ತೆರೆದವನು ಮುಚ್ಚಿರಲಿಲ್ಲ. ಟೇಬಲ್‌ಗೆ ಒಂದೂ ಆಟ್ರಿಬ್ಯೂಟ್ (ಕೋಟ್ ಒಳಗೆ ಬರೆಯುವ ವಿವರ) ಇಲ್ಲದ ಕಾರಣ ಅದರಲ್ಲಿ ಕೋಟೇ ಇಲ್ಲ. ಮುಂದಿನ ಕೋಟ್ ಸಿಗುವವರೆಗಿನದ್ದೆಲ್ಲ ಬ್ರೌಸರ್‌ಗೆ ಆಲ್ಟೇ, ಹಾಗಾಗಿ ಅಷ್ಟೂ ಅದರ ಹೊಟ್ಟೆ ಸೇರಿತು. ಕೆಳಗಿನ ಫೋನ್ ಲಿಂಕಿನ ಎಚ್‌ರೆಫ್‌ನಲ್ಲಿ (ಲಿಂಕ್ ಹೋಗಬೇಕಾದ ವಿಳಾಸ) ಕೋಟ್ ಸಿಕ್ಕಿದ ಮೇಲೆಯೇ ಅದು ಬಾಯಿ ಮುಚ್ಚಿದ್ದು. "ಫೋನ್ ಮಾಡಿ" ಅನ್ನುವ ಅಕ್ಷರ ಕಾಣುತ್ತಿತ್ತು, ಒತ್ತಿದರೆ ಏನೂ ಇಲ್ಲ. ಫೋಟೋ ಮಾತ್ರ ಚಂದ ಬರುತ್ತಿತ್ತು, ಅದಕ್ಕೇ ಅನುಮಾನ ಬರಲಿಲ್ಲ. ಮಾತಾಡಿದ್ದು 4,000, ಕೈಗೆ ಬಂದದ್ದು 2,500.

ಆಮೇಲೆ ಒಂದೇ ಪಟ್ಟು ಹಿಡಿದೆ. ಕೋಡಿನ ತಪ್ಪು ತೋರಿಸುವ ಡಬ್ಲ್ಯೂ3ಸಿ ಚೆಕರ್‌ಗೆ ಪುಟ ಹಾಕುವುದು, ಎಲ್ಲಕ್ಕಿಂತ ಮೇಲಿನ ಒಂದೇ ತಪ್ಪು ಸರಿಮಾಡುವುದು, ಮತ್ತೆ ಹಾಕುವುದು. ಕೆಳಗಿನವನ್ನು ಓದುವುದೇ ಇಲ್ಲ. ಒಂದು ದೇವಸ್ಥಾನದ ಸೈಟಿನಲ್ಲಿ ಸುಮಾರು 38 ತಪ್ಪು ತೋರಿಸಿತ್ತು. ಪಿ ಟ್ಯಾಗ್ (ಪ್ಯಾರಾದ ಗುರುತು) ಒಳಗೆ ಡಿವ್ (ಪುಟದ ಒಂದು ತುಂಡನ್ನು ಹಿಡಿದಿಡುವ ಡಬ್ಬಿ) ಹಾಕಿದ್ದ ಪುಣ್ಯಾತ್ಮ. ಡಿವ್ ಕಂಡ ಕೂಡಲೇ ಬ್ರೌಸರ್ ಪಿ ಅನ್ನು ತಾನೇ ಮುಚ್ಚುತ್ತದೆ, ಕೊನೆಯಲ್ಲಿ ಇವನು ಮುಚ್ಚಿದ ಪಿ ಅನಾಥ. ಆ ಒಂದನ್ನು ತಿದ್ದಿ, ಪುಟಪೂರ್ತಿ ಅದೇ ಥರದ್ದು ಇದ್ದಲ್ಲೆಲ್ಲ ಬದಲಿಸಿದೆ. 11ಕ್ಕೆ ಇಳಿಯಿತು. ಚಾ ಆರುವ ಮೊದಲು ಸೊನ್ನೆ.

ಚೆಕರ್‌ಗೂ ಸಿಗದ್ದು ಇದೆ. ಫೋಟೋದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ, ಕೋಡಿನಲ್ಲಿ ಸಣ್ಣದು. ವಿಂಡೋಸ್‌ನಲ್ಲಿ ಸರಿ, ಲಿನಕ್ಸ್ ಸರ್ವರ್‌ಗೆ ಹೋದರೆ ಮಾಯ. ವರ್ಡ್‌ನಿಂದ ಅಂಟಿಸಿದ ಬಾಗಿದ ಕೋಟ್ ಇನ್ನೊಂದು ಶನಿ, ಬ್ರೌಸರ್ ಅದನ್ನು ಕೋಟ್ ಅಂತ ಒಪ್ಪುವುದಿಲ್ಲ. ಲಿಂಕ್ ಒತ್ತಿದಾಗ ಅಡ್ರೆಸ್‌ನಲ್ಲಿ ಪರ್ಸೆಂಟ್ ಇ2 (%E2) ಕಂಡರೆ ಮೊದಲು ಅದನ್ನೇ ನೋಡಿ. ಮುಚ್ಚದ ಡಿವ್ ಹುಡುಕಲು ನನ್ನದೊಂದು ಬಣ್ಣದ ಉಪಾಯ ಇದೆ. ಅದು ಹೊಟ್ಟೆಪಾಡು, ಇಲ್ಲಿ ಬರೆಯಲ್ಲ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ನಮ್ಮ ಕಡೆ ಒಂದೇ ಪುಟದಲ್ಲಿ ಕನ್ನಡ, ಮಲಯಾಳಂ ಎರಡೂ ಬೇಕಲ್ವಾ? ಲ್ಯಾಂಗ್ ಅಂದರೆ ಬರಹ ಯಾವ ಭಾಷೆಯದು ಅಂತ ಬ್ರೌಸರ್‌ಗೆ ಹೇಳುವ ಆಟ್ರಿಬ್ಯೂಟ್; ಸಿದ್ಧ ಟೆಂಪ್ಲೇಟ್‌ನಲ್ಲಿ ಬಂದ ಇಂಗ್ಲಿಷ್ ಲ್ಯಾಂಗ್ ಹಾಗೇ ಇರುತ್ತದೆ, ಯಾರೂ ಮುಟ್ಟುವುದಿಲ್ಲ. ಪ್ಯಾರಾಕ್ಕೆ ತಕ್ಕ ಲ್ಯಾಂಗ್ ಕೊಟ್ಟು, ಅದನ್ನೇ ಹಿಡಿದು ಕನ್ನಡಕ್ಕೆ ಲೈನ್ ಹೈಟ್ (ಸಾಲಿನ ಎತ್ತರ) ಜಾಸ್ತಿ ಮಾಡಿದೆ. ಒತ್ತಕ್ಷರದ ಬಾಲ ಕೆಳಗಿನ ಸಾಲಿಗೆ ತಾಗುವುದು ನಿಂತಿತು. ಇದಕ್ಕೆ ಯಾರೂ ದುಡ್ಡು ಕೊಡಲಿಲ್ಲ, ನನಗೇ ಖುಷಿ.

ಈಗ ಪುಟಕ್ಕೆ 300 ರೂಪಾಯಿ, ಅರ್ಧ ಮುಂಗಡ. ನರ್ಸರಿಯವರ ಬಾಕಿ 1,500 ಇನ್ನೂ ಬಂದಿಲ್ಲ. ಬದಲಿಗೆ ಆರು ಮೋಹಿತ್‌ನಗರ ಸಸಿ ಕೊಟ್ಟರು. ಎರಡನ್ನು ದನ ತಿಂದಿತು.