ಗೊಂಬೆ ಮಾತಾಡುತ್ತದೆ, ತಲೆ ಯಾಕೆ ಸುಮ್ನಿದೆ?

ತೊಗಲುಗೊಂಬೆ ಆಟ ನೋಡಿದ್ದೀರಾ? ಪರದೆ ಮೇಲೆ ಮೂರ್ನಾಲ್ಕು ಗೊಂಬೆ ನಿಂತಿರುತ್ತವೆ. ಒಂದರ ಬಾಯಿಯೂ ಆಡುವುದಿಲ್ಲ. ಆದರೂ ಈಗ ಮಾತು ಯಾರದು ಅಂತ ಪುಟ್ಟ ಮಕ್ಕಳಿಗೂ ಗೊತ್ತಾಗುತ್ತದೆ. ಮಾತಾಡುವ ಗೊಂಬೆಯನ್ನು ಆಡಿಸುವವರು ಅಲ್ಲಾಡಿಸುತ್ತಾರೆ, ಅಷ್ಟೇ. ಕಂಪ್ಯೂಟರ್ ಅನಿಮೇಷನ್ ಕಲಿಯುವವರು ಇದನ್ನು ಉಲ್ಟಾ ಮಾಡುತ್ತಾರೆ. ಮಾತಿಗೆ ತಕ್ಕಂತೆ ತುಟಿ ಕೂಡಿಸಲು ದಿನಗಟ್ಟಲೆ ಕೂರುತ್ತಾರೆ, ತಲೆಯನ್ನು ಮರೆತೇಬಿಡುತ್ತಾರೆ. ನನ್ನ ಕ್ರಮ ಇದು: ತಲೆ ಮೊದಲು, ತುಟಿ ಆಮೇಲೆ.

ಉಚಿತವಾಗಿ ಸಿಗುವ ಅನಿಮೇಷನ್ ತಂತ್ರಾಂಶ ಬ್ಲೆಂಡರ್‌ನಲ್ಲೇ ಮಾಡೋಣ. ಎಂಟು ವರ್ಷದ ಹುಡುಗನೊಬ್ಬ ಅಜ್ಜಿಗೆ ಹೇಳುತ್ತಿದ್ದಾನೆ: "ನಾನಲ್ಲ ಅಜ್ಜಿ, ಬೆಕ್ಕೇ ಹಾಲು ಕುಡಿದಿದ್ದು!" ಸುಮಾರು 3 ಸೆಕೆಂಡಿನ ಮಾತು. ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಅಂದರೆ 72 ಫ್ರೇಮ್.

ಮೊದಲು ಕನ್ನಡಿ ಮುಂದೆ ನಿಂತು ಈ ಮಾತನ್ನು ನೀವೇ ಹೇಳಿ. ನಾಲ್ಕೈದು ಸಲ ಹೇಳಿ. ತಲೆ ಪ್ರತಿ ಪದಕ್ಕೂ ಆಡುವುದಿಲ್ಲ, ಗಮನಿಸಿ. "ಅಲ್ಲ" ಅನ್ನುವಾಗ ಅಡ್ಡ ಆಡುತ್ತದೆ, "ಬೆಕ್ಕೇ" ಅನ್ನುವಾಗ ಕೆಳಗೆ ಇಳಿಯುತ್ತದೆ. ಕನ್ನಡದಲ್ಲಿ ಮಾತಿನ ಭಾರವನ್ನು ಹೆಚ್ಚಾಗಿ ಆ "ಏ" ಹೊರುತ್ತದೆ, ಅಲ್ವಾ? ಪದಕ್ಕೊಂದು ಸಲ ತಲೆ ಆಡಿಸಿದರೆ ನಿಮ್ಮ ಹುಡುಗ ಕೋಲೆ ಬಸವ ಆಗುತ್ತಾನೆ.

ಈಗ ಧ್ವನಿಯನ್ನು ಸೀಕ್ವೆನ್ಸರ್‌ಗೆ, ಅಂದರೆ ಬ್ಲೆಂಡರ್‌ನಲ್ಲಿ ಧ್ವನಿ, ವಿಡಿಯೊ ಜೋಡಿಸುವ ಜಾಗಕ್ಕೆ ಹಾಕಿ. ಪ್ಲೇಬ್ಯಾಕ್ ಮೆನುವಿನಲ್ಲಿ 'ಸಿಂಕ್ ಟು ಆಡಿಯೊ' ಆರಿಸಿ. ಇಲ್ಲದಿದ್ದರೆ ಚಿತ್ರ ನಿಧಾನವಾದಾಗ ಮಾತು ಮುಂದೆ ಓಡಿಬಿಡುತ್ತದೆ. ಭಾರ ಬೀಳುವ ಜಾಗದಲ್ಲಿ, ಮೌಸನ್ನು ಟೈಮ್‌ಲೈನ್ ಮೇಲಿಟ್ಟು ಎಂ ಒತ್ತಿ ಗುರುತು ಹಾಕಿ. ನಮ್ಮ ಮಾತಿನಲ್ಲಿ "ಏ" 42ನೇ ಫ್ರೇಮಿಗೆ ಬರುತ್ತದೆ ಅಂದುಕೊಳ್ಳೋಣ.

ತಲೆಯ ಮೂಳೆ, ಅಂದರೆ ಗೊಂಬೆಯೊಳಗೆ ತಲೆ ಆಡಿಸಲು ಇರುವ ಬೋನ್, ಆರಿಸಿಕೊಳ್ಳಿ. ಕೀ (ಈ ಫ್ರೇಮಿನಲ್ಲಿ ತಲೆ ಹೀಗಿರಲಿ ಅನ್ನುವ ಗುರುತು) ಹಾಕುವ ಮೊದಲೇ ರೊಟೇಶನ್ ಮೋಡನ್ನು 'ಎಕ್ಸ್‌ವೈಝಡ್ ಆಯ್ಲರ್'ಗೆ ಬದಲಿಸಿ. ಆಗ ಮೂರು ಬಗೆಯ ತಿರುವೂ ಬೇರೆಬೇರೆ ಕಾಣುವುದರಿಂದ ಚಲನೆಯ ಗ್ರಾಫ್ ಓದುವುದು ಸುಲಭ. ಸಾಮಾನ್ಯವಾಗಿ ಮೂಳೆಯ ಎಕ್ಸ್ ಅಂದರೆ ಮೇಲೆ ಕೆಳಗೆ, ವೈ ಅಂದರೆ ಅಕ್ಕಪಕ್ಕ ತಿರುಗುವುದು, ಝಡ್ ಅಂದರೆ ಭುಜದ ಕಡೆ ವಾಲುವುದು. ಆರ್ ಒತ್ತಿ, ಎಕ್ಸ್ ಎರಡು ಸಲ ಒತ್ತಿದರೆ ತಲೆ ಮೂಳೆಯ ಎಕ್ಸ್ ಮೇಲೆಯೇ ಆಡುತ್ತದೆ. ಐ ಒತ್ತಿದರೆ ಕೀಫ್ರೇಮ್ ಬೀಳುತ್ತದೆ. ಮೆನು ಬಂದರೆ ರೊಟೇಶನ್ ಆರಿಸಿ.

"ನಾನಲ್ಲ"ಕ್ಕೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಿ ಮಧ್ಯಕ್ಕೆ ತನ್ನಿ. ಹತ್ತು ಹನ್ನೆರಡು ಡಿಗ್ರಿ ಸಾಕು. ಎರಡನೇ ಸಲ ಸ್ವಲ್ಪ ಕಮ್ಮಿ ಇರಲಿ, ಇಲ್ಲದಿದ್ದರೆ ಫ್ಯಾನ್ ತಿರುಗಿದ ಹಾಗೆ ಕಾಣುತ್ತದೆ. "ಅಜ್ಜಿ" ಅನ್ನುವಾಗ ತಲೆ ಒಂಚೂರು ವಾಲಲಿ. ಅಷ್ಟರಲ್ಲೇ ಮುದ್ದು ಬಂದುಬಿಡುತ್ತದೆ.

ಇನ್ನು "ಬೆಕ್ಕೇ". ಇಲ್ಲಿ ಆತುರ ಬೇಡ. ಬೆಕ್ಕು ಹುಡುಗನ ಬಲಕ್ಕಿದೆ. ಮನುಷ್ಯ ಪಕ್ಕಕ್ಕೆ ನೋಡುವಾಗ ಮೊದಲು ಹೊರಡುವುದು ಕಣ್ಣು. ಹಾಗಾಗಿ ಕಣ್ಣನ್ನು 28ನೇ ಫ್ರೇಮಿಗೇ ಬಲಕ್ಕೆ ಹೊರಡಿಸಿ, ತಲೆಯನ್ನು 30ಕ್ಕೆ. ತಲೆ ನೇರ ಗೆರೆಯಲ್ಲಿ ತಿರುಗುವುದಿಲ್ಲ. ಗದ್ದ ನಡುವೆ ಸ್ವಲ್ಪ ತಗ್ಗಿ, ತೊಟ್ಟಿಲು ತೂಗಿದ ಹಾಗೆ ಆಚೆ ಏರುತ್ತದೆ. 33ರಲ್ಲಿ ಮೂರು ಡಿಗ್ರಿ ತಗ್ಗಿಸಿ ಒಂದು ಕೀ ಹಾಕಿ, ಅಲ್ಲೇ ರೆಪ್ಪೆಯನ್ನೂ ಮುಚ್ಚಿ ತೆರೆಯಿರಿ. 36ಕ್ಕೆ ತಲೆ ಬಲಕ್ಕೆ ಮುಟ್ಟಿ, ತುಸು ಮೇಲೆದ್ದಿರಬೇಕು.

ಈಗ ಧ್ವನಿಯ ಅಲೆ ನೋಡಿ. "ಬೆ" ಆದಮೇಲೆ, "ಕ್ಕೇ" ಬಾಯಿ ಬಿಡುವ ಮೊದಲು ಮೂರ್ನಾಲ್ಕು ಫ್ರೇಮ್ ಖಾಲಿ ಕಾಣುತ್ತದೆ. ಒತ್ತಕ್ಷರ ಉಸಿರನ್ನು ತಡೆದ ಹೊತ್ತು ಅದು. ತಲೆ ಬೀಳಬೇಕಾದ್ದು ಆ ಮೌನದಲ್ಲೇ! 40ರಲ್ಲಿ ಎಂಟು ಡಿಗ್ರಿ ಕೆಳಗಿಳಿಸಿ. ಸದ್ದು 42ಕ್ಕೆ, ತಲೆ 40ಕ್ಕೆ. ಎರಡೂ ಒಂದೇ ಫ್ರೇಮಿಗೆ ಬಿದ್ದರೆ ಕಣ್ಣಿಗೆ ತಲೆ ತಡವಾದ ಹಾಗೆ ಅನಿಸುತ್ತದೆ. ಇದೊಂದನ್ನು ಸರಿ ಮಾಡಿಕೊಂಡರೆ ಗೊಂಬೆಗೆ ಜೀವ ಬರುವುದನ್ನು ನೀವೇ ನೋಡುತ್ತೀರಿ.

ಆಮೇಲೆ 50ರ ಹೊತ್ತಿಗೆ ಅರ್ಧದಷ್ಟು ಮೇಲಕ್ಕೆ ತನ್ನಿ. "ಹಾಲು ಕುಡಿದಿದ್ದು" ಮುಗಿಯುವವರೆಗೆ ಒಂದೆರಡು ಡಿಗ್ರಿಯಷ್ಟೇ ಸರಿಯುತ್ತಿರಲಿ. ಪೂರ್ತಿ ನಿಲ್ಲಿಸಬೇಡಿ, ಕಲ್ಲಾಗಿ ಕಾಣುತ್ತದೆ. ಈ ತಿರುವುಗಳಲ್ಲಿ ಮೂರನೇ ಒಂದು ಪಾಲನ್ನು ಕುತ್ತಿಗೆಯ ಮೂಳೆಗೂ ಕೊಡಿ, ಅದರ ಕೀಗಳನ್ನು ಒಂದು ಫ್ರೇಮ್ ಮುಂಚೆ ಇಡಿ.

ಈಗ ಧ್ವನಿ ಮ್ಯೂಟ್ ಮಾಡಿ, ಕಥೆ ಗೊತ್ತಿಲ್ಲದ ಯಾರಿಗಾದರೂ ತೋರಿಸಿ. ಹುಡುಗ ಒಪ್ಪಿಕೊಂಡನೋ ಇಲ್ಲವೋ, ಯಾವ ಕಡೆ ಬೊಟ್ಟು ಮಾಡುತ್ತಿದ್ದಾನೆ ಅಂತ ಕೇಳಿ. ಎರಡನ್ನೂ ಸರಿಯಾಗಿ ಹೇಳಿದರೆ ತುಟಿ ಕೆಲಸಕ್ಕೆ ಕೂರಿ.