ಮೆಲುದನಿಯಲ್ಲಿ ಮಾತ್ರ ಕೇಳುತ್ತಿದ್ದ ಒರಟುತನ

ನನ್ನ ಹಳೆಯ ಕ್ಲಾಸ್ ಎಬಿ ಆಂಪ್ಲಿಫೈಯರ್ (ಸದ್ದಿನ ಅಲೆಯ ಎರಡು ಅರ್ಧಗಳನ್ನು ಎರಡು ಟ್ರಾನ್ಸಿಸ್ಟರುಗಳು ಹಂಚಿಕೊಳ್ಳುವ ಬಗೆಯದು) ದೊಡ್ಡ ದನಿಯಲ್ಲಿ ಚೆನ್ನಾಗಿಯೇ ನುಡಿಯುತ್ತಿತ್ತು; ರಾತ್ರಿ ದನಿ ತಗ್ಗಿಸಿ ವೀಣೆ ಕೇಳುವಾಗ ಮಾತ್ರ, ಮೀಟು ಕ್ಷೀಣಿಸುವ ಹೊತ್ತಿಗೆ, ಎಡಗಡೆಯಿಂದ ಮರಳು ಉಜ್ಜಿದಂತಹ ಸದ್ದು ಬರುತ್ತಿತ್ತು. ಸ್ಪೀಕರುಗಳನ್ನು ಅದಲುಬದಲು ಮಾಡಿದರೂ ದೋಷ ಎಡಗಡೆಯಲ್ಲೇ ಉಳಿಯಿತು; ಅಂದರೆ ಅದು ಸ್ಪೀಕರಿನದಲ್ಲ.

ಸಿಲಿಕಾನ್ ಟ್ರಾನ್ಸಿಸ್ಟರು ಸುಮಾರು 0.6 ವೋಲ್ಟ್ ದೊರೆಯುವವರೆಗೆ ಸರಿಯಾಗಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲವಾದ್ದರಿಂದ, ಅಲೆಯ ಮೇಲರ್ಧವನ್ನು ಹೊತ್ತ ಟ್ರಾನ್ಸಿಸ್ಟರು ಕೆಳಗಿನರ್ಧದ ಜೊತೆಗಾರನಿಗೆ ಕೆಲಸ ಒಪ್ಪಿಸುವ ಶೂನ್ಯದ ಬಳಿ ಒಂದು ಬಿರುಕು ಉಳಿಯುತ್ತದೆ. ಇದೇ ಕ್ರಾಸ್‌ಓವರ್ ಡಿಸ್ಟಾರ್ಷನ್. ದನಿ ಸಣ್ಣದಾದಷ್ಟೂ ಅದರಲ್ಲಿ ಬಿರುಕಿನ ಪಾಲು ಹೆಚ್ಚು. ಕ್ಲಾಸ್ ಎಬಿಯಲ್ಲಿ ಸಿಗ್ನಲ್ ಇಲ್ಲದಾಗಲೂ ಎರಡೂ ಟ್ರಾನ್ಸಿಸ್ಟರುಗಳನ್ನು ತುಸು ಎಚ್ಚರವಾಗಿಡುವ ಬಯಾಸ್ ಪ್ರವಾಹವು ಈ ಬಿರುಕನ್ನು ಮುಚ್ಚಬೇಕು.

ಸಿಗ್ನಲ್ ಕೊಡದೆ ಅಳೆದಾಗ, ಆ ಪ್ರವಾಹ ಹಾದುಹೋಗುವ 0.22 ಓಮ್‌ನ ಎಮಿಟರ್ ರೆಸಿಸ್ಟರಿನ ಮೇಲೆ ಬಲಗಡೆ 5.5 ಮಿಲಿವೋಲ್ಟ್, ಅಂದರೆ 25 ಮಿಲಿಆಂಪಿಯರ್ ಇತ್ತು. ಎಡಗಡೆ ಬಹುತೇಕ ಶೂನ್ಯ. ಬಯಾಸನ್ನು ಹೊಂದಿಸುವ ಪುಟ್ಟ ತಿರುಗುಪ್ರತಿರೋಧಕ, ಅಂದರೆ ಟ್ರಿಮ್ಮರು, ಕಿಲುಬು ಹಿಡಿದದ್ದೇ ಕಾರಣವಾಗಿತ್ತು. ಹೊಸದನ್ನು ಬೆಸುಗೆ ಹಾಕಿ, ಪ್ರವಾಹ ಕನಿಷ್ಠವಾಗುವ ತುದಿಗೆ ತಿರುಗಿಸಿ, ಪ್ರವಾಹ ಮಿತಿಮೀರದಂತೆ ಮೇನ್ಸ್ ತಂತಿಯ ಸರಣಿಯಲ್ಲಿ 60 ವ್ಯಾಟ್ ಬಲ್ಬನ್ನಿಟ್ಟು ಚಾಲೂ ಮಾಡಿದೆ (ಬಲ್ಬಿಲ್ಲದೆ ಧೈರ್ಯ ತೋರಿ ಹಿಂದೊಮ್ಮೆ ಔಟ್‌ಪುಟ್ ಜೋಡಿಯನ್ನೇ ಸುಟ್ಟಿದ್ದೆ). ಬಳಿಕ ಬಲ್ಬನ್ನು ತೆಗೆದು ಸರ್ವೀಸ್ ಮ್ಯಾನ್ಯುಯಲ್ ಹೇಳಿದ 5.5 ಮಿಲಿವೋಲ್ಟಿಗೆ ಹೊಂದಿಸಿ, ಹೀಟ್‌ಸಿಂಕ್ ಅರ್ಧ ಗಂಟೆ ಬಿಸಿಯಾದ ಮೇಲೆ ಮತ್ತೊಮ್ಮೆ ತಿದ್ದಿದೆ. ಅಂದು ರಾತ್ರಿ ಅದೇ ವೀಣೆಯನ್ನು ಅಷ್ಟೇ ಮೆಲ್ಲಗೆ ಹಾಕಿದಾಗ ಮರಳಿನ ಸದ್ದು ಇರಲಿಲ್ಲ.